ಆಸ್ಕರ್ ಗೌನು, ಗೊಂಬೆಯ ಅಳತೆಗೆ: ಹೊಲಿಯುವುದು ಹೇಗೆ?

2023ರ ಮಾರ್ಚ್ 12ರಂದು ಲಾಸ್ ಏಂಜಲೀಸ್‌ನ ಡಾಲ್ಬಿ ಥಿಯೇಟರಿನಲ್ಲಿ ನಡೆದ 95ನೇ ಆಸ್ಕರ್ ಸಮಾರಂಭಕ್ಕೆ, ವೇದಿಕೆಯ ಮೇಲೆ ಮಾತನಾಡಲು ಆಹ್ವಾನ ಪಡೆದು ಹೋಗಿದ್ದ ನಮ್ಮ ಬೆಂಗಳೂರಿನ ದೀಪಿಕಾ ಪಡುಕೋಣೆ, ಲೂಯಿ ವಿಟಾನ್ ಎಂಬ ಫ್ಯಾಷನ್ ಸಂಸ್ಥೆಯ ಕಪ್ಪು ಮಖಮಲ್ಲಿನ ಗೌನು ತೊಟ್ಟಿದ್ದರು. ಭುಜ ಬಿಟ್ಟು ಇಳಿದ ಕೊರಳು, ಸೊಂಟದಿಂದ ಮೊಣಕಾಲಿನ ಬಳಿಯವರೆಗೆ ಮೈಗೊತ್ತಿದ ಕಟಿಂಗ್, ಕೆಳಗೆ ಬಿಚ್ಚಿಕೊಳ್ಳುವ ಅಂಚು, ಮೊಣಕೈ ದಾಟಿ ಏರುವ ಕಪ್ಪು ಕೈಗವಸು: ಆ ಉಡುಪಿನ ಸೊಬಗೆಲ್ಲ ಇಷ್ಟರಲ್ಲೇ ಇತ್ತು. ಆ ವರ್ಷ ಹಾಸಿದ್ದ ಕಾರ್ಪೆಟ್ ಎಂದಿನಂತೆ ಕೆಂಪಾಗಿರದೆ ಶಾಂಪೇನ್ ಬಣ್ಣದ್ದಾಗಿತ್ತು. ತಿಳಿ ಬಣ್ಣದ ಹಿನ್ನೆಲೆಯಲ್ಲಿ ಕಪ್ಪು ಗೌನಿನ ಹೊರಗೆರೆ ಫೋಟೊಗಳಲ್ಲಿ ಸ್ಪಷ್ಟವಾಗಿ ಎದ್ದು ಕಾಣುವುದರಿಂದ, ಗೊಂಬೆಗೆ ನಕಲು ಮಾಡಲು ಹೊರಟವರಿಗೆ ಇದು ದೊಡ್ಡ ಅನುಕೂಲ.

ಸೆಲೆಬ್ರಿಟಿಗಳ ಉಡುಪನ್ನು ಗೊಂಬೆಯ ಅಳತೆಗೆ ಹೊಲಿಯುವ ಹವ್ಯಾಸಕ್ಕೆ ಕೈ ಹಾಕುವವರಲ್ಲಿ ಹೆಚ್ಚಿನವರು ಮಣಿ, ಕಸೂತಿ ತುಂಬಿದ ಗೌನನ್ನೇ ಮೊದಲು ಆರಿಸಿಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅಲಂಕಾರವಿಲ್ಲದ ಗೌನಿನಿಂದಲೇ ಆರಂಭಿಸಬೇಕು. ಅಲ್ಲಿ ಕಟಿಂಗ್‌ನ ದೋಷವನ್ನು ಮುಚ್ಚಲು ಏನೂ ಇರುವುದಿಲ್ಲವಾದ್ದರಿಂದ, ಈ ಕೆಲಸದ ಮೂಲಪಾಠ ಮೊದಲ ಗೌನಿನಲ್ಲೇ ಕೈಗೆ ಹತ್ತುತ್ತದೆ. ಉಡುಪನ್ನು ಕುಗ್ಗಿಸಬಹುದು, ಬಟ್ಟೆಯನ್ನು ಕುಗ್ಗಿಸಲಾಗದು ಎಂಬುದೇ ಆ ಪಾಠ.

ಆರರಲ್ಲಿ ಒಂದು ಎಂದರೆ

1959ರಲ್ಲಿ ಮಾರುಕಟ್ಟೆಗೆ ಬಂದ ಬಾರ್ಬಿ ಗೊಂಬೆಯ ಎತ್ತರ ಹನ್ನೊಂದೂವರೆ ಇಂಚು, ಅಂದರೆ ಸುಮಾರು 29 ಸೆಂ.ಮೀ. ಮನುಷ್ಯರ ಎತ್ತರಕ್ಕೆ ಹೋಲಿಸಿದರೆ ಇದು ಆರರಲ್ಲಿ ಒಂದು ಪಾಲು. ಗೌನಿನ ಉದ್ದ, ಅಗಲ, ಸುತ್ತಳತೆಗಳನ್ನು ಆರರಿಂದ ಭಾಗಿಸುವುದು ಸುಲಭ. ಬಟ್ಟೆಯ ದಪ್ಪ ಮತ್ತು ಬಿಗಿತ ಮಾತ್ರ ಇದ್ದಷ್ಟೇ ಉಳಿಯುತ್ತವೆ. ಬಟ್ಟೆ ಇಳಿಬೀಳುವುದು ತನ್ನದೇ ಭಾರದಿಂದ. ತೂಗುವ ಉದ್ದ ಕಡಿಮೆಯಾದಂತೆ ಆ ಭಾರವೂ ಕಡಿಮೆಯಾಗಿ ಬಿಗಿತದ್ದೇ ಮೇಲುಗೈಯಾಗುತ್ತದೆ. ಹೀಗಾಗಿ ಮನುಷ್ಯರ ಮೈಮೇಲೆ ನೀರಿನಂತೆ ಇಳಿಯುವ ಸ್ಯಾಟಿನ್, ಗೊಂಬೆಯ ಸೊಂಟದಿಂದ ಸೆಟೆದು ಹೊರಚಾಚಿ ನಿಲ್ಲುತ್ತದೆ.

ಮಖಮಲ್ಲಿನಲ್ಲಿ ತೊಂದರೆ ಇಮ್ಮಡಿ. ಒಂದೂವರೆ ಮಿ.ಮೀ. ಎತ್ತರದ ರೋಮ ನಮ್ಮ ಕಣ್ಣಿಗೆ ನಯವಾಗಿ ಕಂಡರೂ, ಗೊಂಬೆಯ ಅಳತೆಯಲ್ಲಿ ಅದು ಒಂಬತ್ತು ಮಿ.ಮೀ. ರೋಮಕ್ಕೆ ಸಮ, ಗೌನು ತುಪ್ಪಳದ ಕೋಟಿನ ಹಾಗಾಗಿಬಿಡುತ್ತದೆ. ಆದ್ದರಿಂದ ಅಂಗಡಿಯಲ್ಲಿ ಸೋಫಾ, ಪರದೆಗಳಿಗೆ ಮಾರುವ ಮಖಮಲ್ಲನ್ನು ಮುಟ್ಟದಿರುವುದೇ ಒಳ್ಳೆಯದು. ರೋಮ ಆದಷ್ಟು ಗಿಡ್ಡವಿರುವ, ಹಿಂಬದಿ ತೆಳ್ಳಗಿರುವ ಸ್ಟ್ರೆಚ್ ವೆಲ್ವೆಟ್ ಕೇಳಿ. ತುಂಡನ್ನು ಬೆರಳಿನ ಸುತ್ತ ಸುತ್ತಿ ನೋಡಿ. ಬಾಗಿದಲ್ಲಿ ರೋಮ ಬಾಯಿಬಿಟ್ಟು ಒಳಗಿನ ಬಟ್ಟೆ ಕಂಡರೆ ಅದು ಬೇಡ. ತಕ್ಕ ಮಖಮಲ್ಲು ಸಿಗದಿದ್ದರೆ ಹೊಳಪಿಲ್ಲದ ಕಪ್ಪು ಲೈಕ್ರಾದಲ್ಲಿ ಹೊಲಿದರೂ ಗೌನು ಮೂಲಕ್ಕೆ ಹತ್ತಿರವೇ ಇರುತ್ತದೆ, ಏಕೆಂದರೆ ನೋಡುವವರ ಕಣ್ಣು ಗುರುತಿಸುವುದು ಮೊದಲು ಹೊರಗೆರೆಯನ್ನು, ಆಮೇಲೆ ಬಟ್ಟೆಯನ್ನು. ಕಾಲು ಮೀಟರ್ ಬಟ್ಟೆ ಧಾರಾಳವಾಗಿ ಸಾಕು. ಬೆಂಗಳೂರಿನವರಾದರೆ ಚಿಕ್ಕಪೇಟೆಯಲ್ಲೂ ಕಮರ್ಷಿಯಲ್ ಸ್ಟ್ರೀಟಿನಲ್ಲೂ ಹುಡುಕಬಹುದು. ಉಳಿದ ಊರುಗಳಲ್ಲಿ ಲೈನಿಂಗ್, ಫಾಲ್ ಮಾರುವ ಮ್ಯಾಚಿಂಗ್ ಸೆಂಟರುಗಳಲ್ಲಿ ವಿಚಾರಿಸಬಹುದು.

ಫೋಟೊ ಓದುವುದು

ಒಂದೇ ಫೋಟೊ ನೆಚ್ಚಿಕೊಳ್ಳಬೇಡಿ. ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ತೆಗೆದ, ಅಡಿಯಿಂದ ಮುಡಿಯವರೆಗೆ ಕಾಣುವ ಚಿತ್ರಗಳು ಬೇಕು. ಕೆಳಗಿನಿಂದ ಮೇಲಕ್ಕೆ ಹಿಡಿದ ಕ್ಯಾಮೆರಾ ಕಾಲುಗಳನ್ನು ಉದ್ದ ಮಾಡಿ ತೋರಿಸುತ್ತದೆಯಾದ್ದರಿಂದ ಅಂಥವನ್ನು ಪಕ್ಕಕ್ಕಿಡಿ. ಎದುರಿನ ಚಿತ್ರವನ್ನು ಗೊಂಬೆಯ ಎತ್ತರಕ್ಕೆ ಪ್ರಿಂಟ್ ಹಾಕಿಸಿ, ಅದರ ಮೇಲೆ ಬಟರ್ ಪೇಪರ್ ಇಟ್ಟು ಹೊರಗೆರೆ ಎಳೆದುಕೊಳ್ಳಿ. ಬಳಿಕ ಎದೆ, ಸೊಂಟ, ಸೀಟು, ಮೊಣಕಾಲು, ಅಂಚು ಇವುಗಳ ಮಟ್ಟದಲ್ಲಿ ಅಡ್ಡಗೆರೆ ಹಾಕಿ.

ಇಲ್ಲಿ ಒಂದು ತೀರ್ಮಾನ ಮಾಡಬೇಕಾಗುತ್ತದೆ. ಗೊಂಬೆಯ ಕಾಲುಗಳು ಮೈಯ ಪ್ರಮಾಣಕ್ಕೆ ಮೀರಿ ಉದ್ದ, ಸೊಂಟ ಮೀರಿ ಸಣ್ಣ. ಗೌನು ಎಲ್ಲಿಂದ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಫೋಟೊದ ಸೆಂ.ಮೀ. ಲೆಕ್ಕದಲ್ಲಿ ಗೊಂಬೆಗೆ ಇಳಿಸಿದರೆ ಅದು ಮೊಣಕಾಲಿನ ಜಾಗಕ್ಕೆ ಸರಿಯಾಗಿ ಕೂರುವುದಿಲ್ಲ. ಗೌನು ದೀಪಿಕಾ ಅವರ ಮೊಣಕಾಲಿಗೆ ಹೇಗೆ ಹೊಂದಿಕೊಂಡಿದೆಯೋ ಹಾಗೆಯೇ ಗೊಂಬೆಯ ಮೊಣಕಾಲಿಗೂ ಹೊಂದಿಕೊಳ್ಳಬೇಕು, ಅಷ್ಟೇ.

ಪ್ಯಾಟರ್ನ್ ತೆಗೆಯುವುದು

ಬಾರ್ಬಿಗೆ 2016ರಿಂದ ಎತ್ತರದ, ಗಿಡ್ಡ ಮತ್ತು ತುಂಬು ಮೈಕಟ್ಟಿನ ರೂಪಗಳೂ ಬಂದಿರುವುದರಿಂದ ಸಿದ್ಧ ಪ್ಯಾಟರ್ನು (ಬಟ್ಟೆ ಕತ್ತರಿಸಲು ಇಡುವ ಕಾಗದದ ಅಚ್ಚು) ಎಲ್ಲ ಗೊಂಬೆಗೂ ಕೂಡುವುದಿಲ್ಲ. ನಿಮ್ಮ ಕೈಯಲ್ಲಿರುವ ಗೊಂಬೆಯ ಮೈಯಿಂದಲೇ ಪ್ಯಾಟರ್ನ್ ತೆಗೆಯುವ ವಿಧಾನ ಹೀಗಿದೆ. ಅಡುಗೆಮನೆಯಲ್ಲಿ ತಟ್ಟೆ ಮುಚ್ಚಲು ಬಳಸುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಗೊಂಬೆಯ ಎದೆಯಿಂದ ಮೊಣಕಾಲಿನವರೆಗೆ ಸುಕ್ಕಿಲ್ಲದಂತೆ ಸುತ್ತಿ, ಅದರ ಮೇಲೆ ಒಂದು ಸೆಂ.ಮೀ. ಅಗಲದ ಮಾಸ್ಕಿಂಗ್ ಟೇಪಿನ ಪಟ್ಟಿಗಳನ್ನು ಒಂದರ ಮೇಲೊಂದು ಅರ್ಧ ಕೂರುವಂತೆ ಅಂಟಿಸುತ್ತ ಬನ್ನಿ. ಎದೆಯ ಉಬ್ಬಿನ ಬಳಿ ಚಿಕ್ಕ ತುಂಡುಗಳನ್ನೇ ಬಳಸಿ, ಉದ್ದ ಪಟ್ಟಿ ಅಲ್ಲಿ ಸುಕ್ಕಾಗುತ್ತದೆ. ಮೈ ಪೂರ್ತಿ ಮುಚ್ಚಿದ ಮೇಲೆ ಪೆನ್ನಿನಿಂದ ಮುಂದಿನ ಮಧ್ಯಗೆರೆ, ಹಿಂದಿನ ಮಧ್ಯಗೆರೆ, ಎರಡೂ ಪಕ್ಕದ ಗೆರೆ, ಸೊಂಟದ ಸುತ್ತಿನ ಗೆರೆ, ಕೊರಳಿನ ಅಂಚು ಇವೆಲ್ಲವನ್ನೂ ಟೇಪಿನ ಮೇಲೆಯೇ ಬರೆಯಿರಿ. ನಂತರ ಹಿಂದಿನ ಮಧ್ಯಗೆರೆಯ ಗುಂಟ ಸಣ್ಣ ಕತ್ತರಿಯಿಂದ ಸೀಳಿ ಕವಚವನ್ನು ಬಿಡಿಸಿಕೊಳ್ಳಿ. ಕತ್ತರಿಯ ಮೊಂಡು ತುದಿ ಗೊಂಬೆಯ ಕಡೆಗಿರಲಿ.

ಪಕ್ಕದ ಗೆರೆಗಳಲ್ಲಿ ಕತ್ತರಿಸಿದಾಗ ಮುಂದಿನದು ಒಂದು, ಹಿಂದಿನವು ಎರಡು ತುಂಡು ಸಿಗುತ್ತವೆ. ಇವು ಮೇಜಿನ ಮೇಲೆ ಪೂರ್ತಿ ಚಪ್ಪಟೆಯಾಗಿ ಕೂರುವುದಿಲ್ಲ. ಎಲ್ಲಿ ಉಬ್ಬುತ್ತವೆಯೋ ಅಲ್ಲಿ ಎದೆಯ ತುದಿಯ ಕಡೆಗೆ ಒಂದು ಸೀಳು ಹಾಕಿ ಒತ್ತಿದರೆ ತುಂಡು ಮಲಗುತ್ತದೆ, ಸೀಳು ಬಾಯ್ದೆರೆದ ಜಾಗವೇ ಡಾರ್ಟ್, ಅಂದರೆ ಉಬ್ಬಿಗೆ ತಕ್ಕಂತೆ ಬಟ್ಟೆಯನ್ನು ಮಡಿಸಿ ಹೊಲಿಯುವ ಜಾಗ. ಈ ತುಂಡುಗಳನ್ನು ಕಾಗದಕ್ಕೆ ಇಳಿಸಿ ಸುತ್ತಲೂ ಹೊಲಿಗೆಗೆಂದು 6 ಮಿ.ಮೀ. ಮಾರ್ಜಿನ್ ಸೇರಿಸಿ. ಹೊಲಿದಾದ ಮೇಲೆ ಅದನ್ನು 3 ಮಿ.ಮೀ.ಗೆ ಇಳಿಸಬೇಕು, ಮೊದಲೇ ಮೂರು ಬಿಟ್ಟರೆ ಹೊಲಿಯಲು ಹಿಡಿತ ಸಿಗುವುದಿಲ್ಲ.

ಮೊಣಕಾಲಿನಿಂದ ಕೆಳಗಿನ ಭಾಗವನ್ನು ಕಾಗದದ ಮೇಲೆ ಬಿಡಿಸಿಕೊಳ್ಳಬೇಕು. ಅಡ್ಡ ಹೊಲಿಗೆ ಹಾಕಿ ಬೇರೆ ಫ್ರಿಲ್ ಸೇರಿಸಿದರೆ ಗೌನಿನ ನಿಲುವು ತುಂಡಾಗುತ್ತದೆ. ಅದರ ಬದಲು ಎರಡು ಪಕ್ಕದ ಹೊಲಿಗೆ ಮತ್ತು ಹಿಂದಿನ ಹೊಲಿಗೆಯ ಪ್ರತಿ ಅಂಚೂ ಮೊಣಕಾಲಿನಿಂದ ಕೆಳಕ್ಕೆ ಕ್ರಮೇಣ ಹೊರಬಾಗಿ ಅಂಚಿನಲ್ಲಿ ಎರಡೂವರೆ ಸೆಂ.ಮೀ. ಹೆಚ್ಚುವಂತೆ ಗೆರೆ ಎಳೆಯಿರಿ. ಆರು ಅಂಚುಗಳಿಂದ 15 ಸೆಂ.ಮೀ. ಸುತ್ತು ಹೆಚ್ಚುತ್ತದೆ. ಸೀರೆಯೊಳಗೆ ಉಡುವ ಆರು ಪೀಸಿನ ಲಂಗ ಹೊಲಿದು ಗೊತ್ತಿರುವವರಿಗೆ ಈ ತರ್ಕ ಹೊಸದೇನಲ್ಲ.

ಒಳಗೆ ಬಿಳಿ ಮಲ್, ಮೇಲೆ ಮಖಮಲ್ಲು

ಮೊದಲು ತೆಳು ಬಿಳಿ ಮಲ್ ಬಟ್ಟೆಯಲ್ಲಿ ಡಾರ್ಟ್‌ಗಳ ಸಮೇತ ಒಂದು ಗೌನು ಹೊಲಿದು ಗೊಂಬೆಗೆ ತೊಡಿಸಿ ನೋಡಿ. ತಿದ್ದುವುದನ್ನೆಲ್ಲ ಇದರಲ್ಲೇ ತಿದ್ದಿಕೊಳ್ಳಿ, ಏಕೆಂದರೆ ಇದೇ ಮುಂದೆ ಲೈನಿಂಗ್ ಆಗುತ್ತದೆ. ಮೇಲಿನ ಮಖಮಲ್ಲಿನಲ್ಲಿ ಡಾರ್ಟ್ ಹಾಕುವ ಅಗತ್ಯವಿಲ್ಲ; ಹಾಕಿದರೆ ಎದೆಯ ಮೇಲೆ ಗಂಟಿನಂತೆ ಉಬ್ಬು ನಿಲ್ಲುತ್ತದೆ. ಆಕಾರವನ್ನು ಒಳಗಿನ ಮಲ್ ಹಿಡಿದುಕೊಳ್ಳುತ್ತದೆ, ಹಿಗ್ಗುವ ಮಖಮಲ್ಲು ಅದರ ಮೇಲೆ ಎಳೆದು ಕೂರುತ್ತದೆ. ಮೂಲ ಗೌನಿನಲ್ಲಿ ಎಷ್ಟು ಹೊಲಿಗೆಗಳಿವೆಯೋ ಅಷ್ಟನ್ನೂ ಗೊಂಬೆಯ ಗೌನಿಗೆ ತರಬೇಕೆಂಬ ಹಟ ಬೇಡ.

ಬಿಳಿ ಮಲ್‌ಗೆ ಇನ್ನೊಂದು ಕಾರಣವಿದೆ. ಗೊಂಬೆಯ ಮೈ ಮೃದುವಾದ ಪ್ಲಾಸ್ಟಿಕ್. ಕಪ್ಪು, ಕೆಂಪು, ಕಡುನೀಲಿ ಬಟ್ಟೆಯ ಬಣ್ಣ ಅದರೊಳಕ್ಕೆ ಇಳಿದರೆ ತೊಳೆದರೂ ಹೋಗದು. ಮಖಮಲ್ಲನ್ನು ಕತ್ತರಿಸುವ ಮೊದಲೇ ನೀರು ತಿಳಿಯಾಗುವವರೆಗೆ ಒಗೆದು ಒಣಗಿಸಿ, ಬಳಿಕ ಒದ್ದೆಯಾದ ಬಿಳಿ ಬಟ್ಟೆಯಿಂದ ಉಜ್ಜಿ ಪರೀಕ್ಷಿಸಿಕೊಳ್ಳಿ.

ಮಖಮಲ್ಲಿನ ಮೇಲೆ ಕೈಯಾಡಿಸಿದರೆ ರೋಮ ಒಂದು ದಿಕ್ಕಿನಲ್ಲಿ ನಯವಾಗಿ ಮಲಗುತ್ತದೆ, ಎದುರು ದಿಕ್ಕಿನಲ್ಲಿ ಎದ್ದು ನಿಲ್ಲುತ್ತದೆ. ರೋಮ ಮೇಲ್ಮುಖವಾಗಿರುವಂತೆ ಕತ್ತರಿಸಿದಾಗ ಕಪ್ಪು ಗಾಢವಾಗಿಯೂ ಕೆಳಮುಖವಾಗಿದ್ದಾಗ ಬೂದು ಹೊಳಪಿನಿಂದಲೂ ಕಾಣುತ್ತದೆ. ಗೊಂಬೆಯ ಗೌನಿಗೆ ಮೇಲ್ಮುಖವೇ ಸರಿ. ಮೂರೂ ತುಂಡುಗಳಲ್ಲಿ ದಿಕ್ಕು ಒಂದೇ ಇರಬೇಕು. ಬಟ್ಟೆಯ ಉಲ್ಟಾ ಬದಿಯಲ್ಲಿ ಪ್ಯಾಟರ್ನ್ ಗುರುತು ಮಾಡಿ, ಬಟ್ಟೆಯನ್ನು ಮಡಿಸದೆ ಒಂದೊಂದೇ ಪದರ ಕತ್ತರಿಸಿ.

ಮಖಮಲ್ಲಿನ ಎರಡು ಸೀದಾ ಬದಿಗಳು ಎದುರಾದಾಗ ಮೆಷಿನ್ನಿನ ಕೆಳಗೆ ಒಂದು ಇನ್ನೊಂದನ್ನು ಜರುಗಿಸಿಬಿಡುತ್ತದೆ. ಮಾರ್ಜಿನ್ನಿನೊಳಗೆ ಕಚ್ಚಾ ಹೊಲಿಗೆ ಹಾಕದೆ ಮುಂದುವರಿಯಬೇಡಿ. ಮೆಷಿನ್ನಿಗೆ 75ನೇ ನಂಬರಿನ ಸ್ಟ್ರೆಚ್ ಸೂಜಿ ಹಾಕಿ ಹೊಲಿಗೆಯ ಉದ್ದವನ್ನು ಒಂದೂವರೆ ಮಿ.ಮೀ.ಗೆ ಇಳಿಸಿ, ಬಟ್ಟೆಯ ತುದಿಯನ್ನು ಮೆಷಿನ್ ಒಳಕ್ಕೆ ಎಳೆದುಕೊಳ್ಳದಂತೆ ಅಡಿಯಲ್ಲಿ ಬಟರ್ ಪೇಪರ್ ಇಟ್ಟು, ಹೊಲಿದಾದ ಮೇಲೆ ಹರಿದು ತೆಗೆಯಿರಿ. ನಾನಂತೂ ಪಕ್ಕದ ಹೊಲಿಗೆಗಳನ್ನು 10ನೇ ನಂಬರಿನ ಸೂಜಿಯಲ್ಲಿ ಕೈಯಿಂದಲೇ, ಒತ್ತೊತ್ತಾದ ಬ್ಯಾಕ್ ಸ್ಟಿಚ್‌ನಲ್ಲಿ ಹಾಕುವುದನ್ನು ಇಷ್ಟಪಡುತ್ತೇನೆ. ಸಮಯ ಹಿಡಿದರೂ ಬಾಗಿದ ಗೆರೆ ಹೇಳಿದ ಮಾತು ಕೇಳುತ್ತದೆ. ಇಸ್ತ್ರಿಯನ್ನು ಮಖಮಲ್ಲಿಗೆ ಒತ್ತಬಾರದು. ಇನ್ನೊಂದು ಮಖಮಲ್ಲಿನ ತುಂಡಿನ ಮೇಲೆ ಸೀದಾ ಬದಿ ಕೆಳಗಾಗಿ ಇಟ್ಟು, ಹಬೆ ಮಾತ್ರ ತಾಗಿಸಿ, ಬೆರಳಿನಿಂದ ಹೊಲಿಗೆ ಬಿಡಿಸಿ.

ಲೈನಿಂಗ್ ಮತ್ತು ಮಖಮಲ್ಲನ್ನು ಕೊರಳಿನ ಅಂಚಿನಲ್ಲಿ ಸೀದಾ ಬದಿಗಳು ಎದುರಾಗುವಂತೆ ಜೋಡಿಸಿ ಹೊಲಿದು ಮಗುಚಿ. ಭುಜ ಬಿಟ್ಟ ಕೊರಳಿಗಾಗಿ 2 ಸೆಂ.ಮೀ. ಅಗಲದ ಪಟ್ಟಿಯನ್ನು ಮಡಿಸಿ, ಎದೆಯ ಅಂಚಿಗೂ ಎರಡೂ ತೋಳುಗಳ ಸುತ್ತಲೂ ಬರುವಂತೆ ಕೈಹೊಲಿಗೆಯಿಂದ ಕೂರಿಸಬೇಕು. ತೋಳಿನ ಹಿಂಬದಿಯಲ್ಲಿ ಒಂದೆಳೆ ಎಲಾಸ್ಟಿಕ್ ದಾರ ಓಡಿಸಿದರೆ ಪಟ್ಟಿ ಜಾರುವುದಿಲ್ಲ. ಹಿಂದಿನ ಬಾಯಿ ಸೀಟಿನ ಅತಿ ಅಗಲದ ಜಾಗ ದಾಟಿ ಒಂದು ಸೆಂ.ಮೀ. ಕೆಳಗಿನವರೆಗೆ ತೆರೆದಿರಲಿ, ಇಲ್ಲವಾದರೆ ಗೌನು ಗೊಂಬೆಯ ಮೈಗೇರುವುದಿಲ್ಲ. ಮುಚ್ಚಲು ವೆಲ್ಕ್ರೊ ಬೇಡ, ಅದು ದಪ್ಪ ಮತ್ತು ರೋಮವನ್ನು ಕಿತ್ತುಹಾಕುತ್ತದೆ. ಸಿಗುವ ಅತಿ ಚಿಕ್ಕ ಟಿಚ್ ಬಟನ್, ಇಲ್ಲವೇ ದಾರದ ಕುಣಿಕೆಗೆ ಕಪ್ಪು ಮಣಿ ಸಾಕು.

ಅಂಚಿನ ತೂಕ

ಬಟ್ಟೆಗೆ ಭಾರ ಸಾಲದು ಎಂದೆನಲ್ಲ, ಅದಕ್ಕೆ ಪರಿಹಾರ ಅಂಚಿನಲ್ಲಿದೆ. ಅಂಚನ್ನು 5 ಮಿ.ಮೀ. ಒಮ್ಮೆ ಮಾತ್ರ ಒಳಕ್ಕೆ ಮಡಿಸಿ, ಮಡಿಕೆಯೊಳಗೆ ತೆಳುವಾದ ತಾಮ್ರದ ತಂತಿ ಇಟ್ಟು ಹೆಮ್ಮಿಂಗ್ ಮಾಡಿ. ತಂತಿ ಬಟ್ಟೆಯನ್ನು ಕೆಳಕ್ಕೆಳೆಯುತ್ತದೆ, ಜೊತೆಗೆ ಅಲೆಯನ್ನು ಬೇಕಾದಲ್ಲಿ ಬೆರಳಿನಿಂದ ಬಾಗಿಸಿ ನಿಲ್ಲಿಸಬಹುದು. ಮೊಣಕಾಲಿನಿಂದ ಕೆಳಗೆ ಲೈನಿಂಗಿಗೆ ಮೃದುವಾದ ನೆಟ್‌ನ ಒಂದು ಪದರ ಸೇರಿಸಿದರೆ ಅಂಚು ಕಾಲಿಗೆ ಅಂಟದು.

ದೊಡ್ಡ ಫ್ಯಾಷನ್ ಮನೆಗಳೂ ಗೊಂಬೆಗೆ ಹೊಲಿದ ಉದಾಹರಣೆ ಇದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಬಟ್ಟೆಯ ಅಭಾವವಿದ್ದ ಪ್ಯಾರಿಸ್‌ನಲ್ಲಿ ಬಾಲೆನ್ಸಿಯಾಗ, ಸ್ಕಿಯಾಪರೆಲ್ಲಿ, ಲಾನ್ವಾ ಮುಂತಾದ ಮನೆಗಳು ಸುಮಾರು 70 ಸೆಂ.ಮೀ. ಎತ್ತರದ ತಂತಿಯ ಗೊಂಬೆಗಳಿಗೆ ಉಡುಪು ಹೊಲಿದು, ‘ತೆಯಾತ್ರ್ ದ ಲಾ ಮೋಡ್’ (ಫ್ಯಾಷನ್ನಿನ ರಂಗಮಂದಿರ) ಎಂಬ ಹೆಸರಿನಲ್ಲಿ 1945ರ ಮಾರ್ಚ್‌ನಲ್ಲಿ ಪ್ರದರ್ಶಿಸಿದವು. ಆ ಗೊಂಬೆಗಳು ಈಗ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೇರಿಹಿಲ್ ಮ್ಯೂಸಿಯಮ್ಮಿನಲ್ಲಿವೆ. ಅವು ಬಾರ್ಬಿಗಿಂತ ಎರಡು ಪಟ್ಟಿಗೂ ಹೆಚ್ಚು ಎತ್ತರ. ಆ ಅಳತೆಯಲ್ಲಿ ಒಳ್ಳೆಯ ರೇಷ್ಮೆ ಇನ್ನೂ ರೇಷ್ಮೆಯಂತೆಯೇ ಇಳಿಯುತ್ತದೆ. ಆರರಲ್ಲಿ ಒಂದಕ್ಕೆ ಬಂದಾಗ ನಮಗೆ ತಂತಿಯ ನೆರವು ಬೇಕಾಗುತ್ತದೆ.

ಕೈಗವಸು

ಗೌನಿಗಿಂತ ಹೆಚ್ಚು ತಾಳ್ಮೆ ಬೇಡುವುದು ಇದೇ. ಬೆರಳುಗಳನ್ನು ಬಿಡಿಬಿಡಿಯಾಗಿ ಹೊಲಿಯಲು ಹೋಗಬೇಡಿ, ಹೆಬ್ಬೆರಳೊಂದನ್ನು ಬೇರೆ ಮಾಡಿದರೆ ಸಾಕು. ತೆಳು ಕಪ್ಪು ಲೈಕ್ರಾ ಅಥವಾ ಸ್ಟಾಕಿಂಗ್ಸ್ ಬಟ್ಟೆಯನ್ನು ಎರಡು ಪದರ ಮಾಡಿ, ಗೊಂಬೆಯ ತೋಳನ್ನು ಅದರ ಮೇಲಿಟ್ಟು ಬಿಳಿ ಪೆನ್ಸಿಲ್ಲಿನಿಂದ ಅರ್ಧ ಮಿ.ಮೀ. ಹೊರಗೆ ಗೆರೆ ಎಳೆಯಿರಿ. ಕತ್ತರಿಸುವ ಮೊದಲೇ ಆ ಗೆರೆಯ ಮೇಲೆ ಅತಿ ಸಣ್ಣ ಜಿಗ್‌ಜಾಗ್ ಹೊಲಿಗೆ ಹಾಕಿ, ಆಮೇಲೆ ಹೊಲಿಗೆಯಿಂದ ಒಂದು ಮಿ.ಮೀ. ಬಿಟ್ಟು ಕತ್ತರಿಸಿ. ಮಗುಚಲು ಜ್ಯೂಸ್ ಕುಡಿಯುವ ಸ್ಟ್ರಾ ಒಂದನ್ನು ಒಳಗೆ ತೂರಿಸಿ, ತುದಿಯನ್ನು ಮೊಂಡು ಸೂಜಿಯಿಂದ ಅದರೊಳಕ್ಕೆ ತಳ್ಳಿ.

ಬೇರೆ ಉಡುಪುಗಳಿಗೆ

2000ದ ಗ್ರ್ಯಾಮಿ ಸಮಾರಂಭದಲ್ಲಿ ಜೆನಿಫರ್ ಲೋಪೆಜ್ ಧರಿಸಿದ್ದ ವರ್ಸಾಚೆ ಫ್ಯಾಷನ್ ಮನೆಯ ಎಲೆಚಿತ್ತಾರದ ಹಸಿರು ಶಿಫಾನ್ ಉಡುಪಿನಂಥದ್ದಾದರೆ, ಚಿತ್ತಾರವೂ ಆರು ಪಟ್ಟು ಚಿಕ್ಕದಾಗಬೇಕಾದ್ದರಿಂದ ಡಿಜಿಟಲ್ ಪ್ರಿಂಟ್ ಮಾಡಿಸಬೇಕಾಗುತ್ತದೆ. 2022ರಲ್ಲಿ ಕಾನ್ ಚಿತ್ರೋತ್ಸವದ ತೀರ್ಪುಗಾರರಾಗಿದ್ದ ದೀಪಿಕಾ ಉಟ್ಟ ಸಬ್ಯಸಾಚಿ ಸೀರೆಯಂಥದ್ದಾದರೆ ಲೆಕ್ಕ ಸರಳ: ಐದೂವರೆ ಮೀಟರ್ ಸೀರೆ ಸುಮಾರು 92 ಸೆಂ.ಮೀ. ಆಗುತ್ತದೆ, 115 ಸೆಂ.ಮೀ. ಅಗಲ 19 ಸೆಂ.ಮೀ.ಗೆ ಇಳಿಯುತ್ತದೆ. ಆದರೆ ನೆರಿಗೆಗಳನ್ನು ಒಂದೊಂದಾಗಿ ಹಬೆಯಲ್ಲಿ ಒತ್ತಿ, ಒಳಗಿನಿಂದ ದಾರ ಹಾಕಿ ಹಿಡಿಸದಿದ್ದರೆ ಅವು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ.

ಕಪ್ಪು ಗೌನನ್ನು ಲೈನಿಂಗ್ ಇದ್ದರೂ ತಿಂಗಳುಗಟ್ಟಲೆ ಗೊಂಬೆಯ ಮೈಮೇಲೆ ಬಿಡಬಾರದು, ಕೈಗವಸನ್ನಂತೂ ಫೋಟೊ ತೆಗೆದ ದಿನವೇ ಕಳಚಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತೇವ ಕೂಡಿ ಬೂಷ್ಟು ಹಿಡಿಯುತ್ತದೆ; ರೋಮ ಒತ್ತದಂತೆ, ಮಡಿಸದೆ, ಬಿಳಿ ಮಲ್ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಡಿ.