ಡಿವಿಡಿಯಲ್ಲಿರುವ ವಿಡಿಯೊವನ್ನು ಸಂಕಲನಕ್ಕೆ ಅಣಿಗೊಳಿಸುವ ಬಗೆ

ನಾವೇ ಚಿತ್ರೀಕರಿಸಿ ಡಿವಿಡಿಗೆ ಬರೆದಿಟ್ಟ ದೃಶ್ಯಗಳನ್ನು ಸಂಕಲನ ಮಾಡಬೇಕೆಂದರೆ, ಮೊದಲು ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಅದರಲ್ಲಿರುವ ‘ವಿಡಿಯೊ ಟಿಎಸ್’ (VIDEO_TS) ಫೋಲ್ಡರನ್ನು ಇಡಿಯಾಗಿ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಬೇಕು. ಡಿಸ್ಕಿನಿಂದಲೇ ಕೆಲಸ ಮಾಡಲು ಹೋಗಬಾರದು. ಗೀರು ಬಿದ್ದ ಜಾಗವನ್ನು ಡ್ರೈವ್ ಮತ್ತೆ ಮತ್ತೆ ಓದಲು ಯತ್ನಿಸುವಾಗ ಸಂಕಲನದ ತಂತ್ರಾಂಶವೂ ಅಲ್ಲೇ ನಿಂತುಬಿಡಬಹುದು.

ಆ ಫೋಲ್ಡರಿನ ವಿಒಬಿ (.VOB) ಕಡತಗಳಲ್ಲಿ ಎಂಪೆಗ್-2 ಎಂಬ ವಿಧಾನದಲ್ಲಿ ಸಂಕೋಚಿಸಿದ ಚಿತ್ರವೂ ಧ್ವನಿಯೂ ಒಟ್ಟಿಗೆ ಇರುತ್ತವೆ. ಒಂದೊಂದು ಕಡತವೂ 1 ಜಿಬಿ ಮೀರದಂತೆ ತುಂಡಾಗಿರುವುದರಿಂದ, ಯಾರೋ ಮಾತನಾಡುತ್ತಿರುವಾಗಲೇ ಒಂದು ಮುಗಿದು ಮುಂದಿನದು ಆರಂಭವಾಗುವುದುಂಟು. ಇವನ್ನು ಬಿಡಿಬಿಡಿಯಾಗಿ ಟೈಮ್‌ಲೈನಿಗೆ (ಸಂಕಲನದ ತಂತ್ರಾಂಶದಲ್ಲಿ ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ) ಎಳೆದರೆ ಆ ಜೋಡಣೆಯಲ್ಲಿ ಧ್ವನಿ ತುಂಡರಿಸಿದಂತೆ ಕೇಳಿಸಬಹುದು. ಆದ್ದರಿಂದ ಮೇಕ್‌ಎಂಕೆವಿಯಂತಹ ತಂತ್ರಾಂಶದಿಂದ ಇಡೀ ವಿಡಿಯೊವನ್ನು ಒಂದೇ ಎಂಕೆವಿ ಕಡತವಾಗಿ ಪಡೆಯುವುದೇ ನನ್ನ ಮಟ್ಟಿಗೆ ಸರಿಯಾದ ದಾರಿ, ಏಕೆಂದರೆ ಅಲ್ಲಿ ಮರುಸಂಕೋಚನ ನಡೆಯದೆ ಮೂಲದ ಗುಣಮಟ್ಟ ಹಾಗೆಯೇ ಉಳಿಯುತ್ತದೆ.

ಪಾಲ್ (PAL) ಎಂಬ ಟಿವಿ ಮಾನಕದ ಡಿವಿಡಿಯ ಚಿತ್ರ ಸಾಮಾನ್ಯವಾಗಿ 720×576 ಅಳತೆಯದು, ಸೆಕೆಂಡಿಗೆ 25 ಫ್ರೇಮಿನದು. ಕೈ ಬೀಸುತ್ತಿರುವ ಮಗುವಿನ ಬೆರಳಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಂಡರೆ ಅದು ಇಂಟರ್‌ಲೇಸ್ ಆದ, ಅಂದರೆ ಸಮ ಮತ್ತು ಬೆಸ ಸಾಲುಗಳನ್ನು ಬೇರೆ ಬೇರೆ ಕ್ಷಣಗಳಲ್ಲಿ ಸೆರೆಹಿಡಿದ ಚಿತ್ರವೆಂದು ತಿಳಿದು, ಗಾತ್ರ ಬದಲಿಸುವ ಮೊದಲೇ ಆ ಗೆರೆಗಳನ್ನು ನಿವಾರಿಸುವ ಡೀಇಂಟರ್‌ಲೇಸ್ ಫಿಲ್ಟರನ್ನು ಬಳಸಬೇಕು. ಕ್ರಮ ತಪ್ಪಿದರೆ ಆ ಗೆರೆಗಳು ಚಿತ್ರದೊಳಗೇ ಬೆರೆತುಹೋಗಿ ಮತ್ತೆ ತೆಗೆಯಲು ಬರುವುದಿಲ್ಲ.