ಮೆನು ಬಿಡಿಸುವ ಕೆಲಸ ಫೋನಿಗೇ ಬಿಟ್ಟೆ

ಗಾಂಧಿ ಬಜಾರ್ ಹತ್ತಿರದ ದಿನಸಿ ಅಂಗಡಿಯವರೊಬ್ಬರಿಗೆ ಉದ್ರಿ ಲೆಕ್ಕದ ಆ್ಯಪ್ ಮಾಡಿಕೊಟ್ಟಿದ್ದೆ, ರಿಯಾಕ್ಟ್ ನೇಟಿವ್‌ನಲ್ಲಿ (ಜಾವಾಸ್ಕ್ರಿಪ್ಟ್‌ನಲ್ಲಿ ಬರೆದು ಎರಡೂ ಬಗೆಯ ಫೋನಿಗೆ ಆ್ಯಪ್ ಮಾಡುವ ಸಾಧನ). ಅವರದು ಆಂಡ್ರಾಯ್ಡ್, ರಾತ್ರಿ ಲೆಕ್ಕ ನೋಡುವ ಮಗನದು ಐಫೋನ್. ಗಿರಾಕಿಯ ಸಾಲನ್ನು ಒತ್ತಿ ಹಿಡಿದರೆ ತಿದ್ದು, ನಕಲಿಸು, ಕಳಿಸು, ಅಳಿಸು ಎಂಬ ಮೆನು ಬರುತ್ತಿತ್ತು. ನೆರಳು, ದುಂಡು ಮೂಲೆ ಎಲ್ಲ ಹಾಕಿ ನಾನೇ ಬಿಡಿಸಿದ ಮೆನು. ಸ್ವಲ್ಪ ಜಂಬವೂ ಇತ್ತು.

"ಏನಪ್ಪಾ ಇದು, ಕೊನೇ ಹೆಸರು ಒತ್ತಿದ್ರೆ ಅಳಿಸು ಅನ್ನೋದು ಕೆಳಗೆ ಎಲ್ಲೋ ಹೋಗ್ಬಿಡುತ್ತೆ" ಅಂದರು ಒಂದು ದಿನ. ಅವರು ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡಿದ್ದರು. ನಾನೋ, ಮೆನುವಿನ ಎತ್ತರವನ್ನು ಕೋಡಿನಲ್ಲೇ ಬರೆದಿಟ್ಟಿದ್ದೆ. ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿ ನೋಡಿದರೆ ಇನ್ನೂ ನಾಚಿಕೆಗೇಡು: ಅದು ನನ್ನ ಮೆನುವನ್ನು ಬಿಟ್ಟು ಹಿಂದಿನ ಪಟ್ಟಿಯನ್ನೇ ಓದುತ್ತಿತ್ತು.

ಮೆನುವನ್ನು ಫೋನೇ ಬಿಡಿಸಲಿ ಅಂದುಕೊಂಡೆ. ಇದಕ್ಕೆಲ್ಲ ಬೇರೆಯವರು ಬರೆದಿಟ್ಟ ಸಿದ್ಧ ಲೈಬ್ರರಿಗಳಿವೆ. ನನಗೆ ಬೇಕಿದ್ದದ್ದು ನಾಲ್ಕೇ ಆಯ್ಕೆ, ಹಾಗಾಗಿ ನೇಟಿವ್ ಭಾಗವನ್ನು, ಅಂದರೆ ಆಯಾ ಫೋನಿನ ಸ್ವಂತ ಮೆನುವನ್ನು ಕರೆಯುವ ಕೋಡನ್ನು, ನಾನೇ ಬರೆದೆ. ಐಫೋನ್‌ನಲ್ಲಿ ಇದಕ್ಕೆ ಯುಐಕಾಂಟೆಕ್ಸ್ಟ್‌ಮೆನುಇಂಟರ್‌ಆ್ಯಕ್ಷನ್ ಎಂಬ ಸಿದ್ಧ ಸೌಲಭ್ಯ ಇದೆ. 2019ರ ಐಒಎಸ್ 13ರಲ್ಲಿ ಬಂದದ್ದು. ಸಾಲನ್ನು ಎತ್ತಿ ತೋರಿಸಿ ಹಿನ್ನೆಲೆ ಮಸುಕು ಮಾಡುವುದೆಲ್ಲ ಅದೇ ನೋಡಿಕೊಳ್ಳುತ್ತದೆ. 'ಡಿಸ್ಟ್ರಕ್ಟಿವ್' ಅಂತ ಗುರುತು ಹಾಕಿದರೆ ಅಳಿಸು ತಾನೇ ಕೆಂಪಾಗುತ್ತದೆ. ಆಂಡ್ರಾಯ್ಡ್‌ಗೆ ಪಾಪಪ್‌ಮೆನು. ಕೆಳಗೆ ಜಾಗವಿಲ್ಲದಿದ್ದರೆ ಅದು ಸಾಲಿನ ಮೇಲುಗಡೆ ತೆರೆದುಕೊಳ್ಳುತ್ತದೆ. ನಮ್ಮ ಅಂಗಡಿಯವರ ತಕರಾರು ಅಲ್ಲಿಗೆ ಮುಗಿಯಿತು. ಕೆಂಪು ಮಾತ್ರ ಅಲ್ಲಿ ಪುಕ್ಕಟೆ ಸಿಗಲಿಲ್ಲ, ಅಕ್ಷರಕ್ಕೆ ಬಣ್ಣದ ಗುರುತು (ಸ್ಪ್ಯಾನ್) ಹಚ್ಚಬೇಕಾಯಿತು. ಐಕಾನ್ ತೋರಿಸುವ ಸೌಲಭ್ಯ ಇರುವುದು ಆಂಡ್ರಾಯ್ಡ್ 10ರಿಂದ ಈಚೆಗೆ. ಬೇಡ ಅಂತ ಬಿಟ್ಟೆ.

ತಲೆ ತಿಂದದ್ದು ಬೆರಳಿನ ವಿಷಯ. ಐಫೋನ್‌ನಲ್ಲಿ ಮೆನು ಸರಿಯಾಗಿ ತೆರೆಯುತ್ತಿತ್ತು. ಆದರೆ ಬೆರಳು ಎತ್ತಿದ ಕೂಡಲೇ ಹಿಂದೆ ಗಿರಾಕಿಯ ಪುಟವೂ ತೆರೆಯುತ್ತಿತ್ತು. ಒತ್ತಿ ಹಿಡಿದದ್ದು ಐಒಎಸ್‌ಗೆ ಗೊತ್ತು, ಜಾವಾಸ್ಕ್ರಿಪ್ಟ್‌ಗೆ ಅದು ಬರೀ ಒತ್ತು. ಎರಡು ಸಂಜೆ ಐಫೋನ್ ಭಾಗದ ಸ್ವಿಫ್ಟ್ ಕೋಡಿನಲ್ಲಿ ಹುಡುಕಿ ಸುಸ್ತಾದೆ. ಮದ್ದು ಸಿಕ್ಕಿದ್ದು ಇನ್ನೊಂದು ಕಡೆ: ಸಾಲಿನ ಪ್ರೆಸ್ಸಬಲ್‌ಗೆ (ಒತ್ತನ್ನು ಗಮನಿಸುವ ರಿಯಾಕ್ಟ್ ನೇಟಿವ್ ಘಟಕ) ಏನೂ ಮಾಡದ ಖಾಲಿ ಆನ್‌ಲಾಂಗ್‌ಪ್ರೆಸ್ (ಒತ್ತಿ ಹಿಡಿದಾಗ ಓಡುವ ಕೋಡ್) ಕೊಟ್ಟೆ. ಅದು ಇದ್ದರೆ ದೀರ್ಘ ಒತ್ತಿನ ನಂತರ ಆನ್‌ಪ್ರೆಸ್ (ಬರೀ ಒತ್ತಿಗೆ ಓಡುವ ಕೋಡ್) ಓಡುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಅದೇ ಆನ್‌ಲಾಂಗ್‌ಪ್ರೆಸ್‌ನಿಂದ ಪಾಪಪ್‌ಮೆನು ತೆರೆಸಿದೆ.

ಇನ್ನೊಂದು ತಪ್ಪು ಪೂರಾ ನನ್ನದೇ. ಯಾವ ಆಯ್ಕೆ ಒತ್ತಿದರು ಅನ್ನುವುದನ್ನು ಮೊದಲು ಅದರ ಹೆಸರಿನಿಂದಲೇ ಗುರುತಿಸುತ್ತಿದ್ದೆ. ಮಗ ತನ್ನ ಫೋನಿನಲ್ಲಿ ಆ್ಯಪನ್ನು ಇಂಗ್ಲಿಷಿಗೆ ಬದಲಾಯಿಸಿಕೊಂಡ. 'ಡಿಲೀಟ್' ಒತ್ತಿದರೆ ಏನೂ ಆಗಲಿಲ್ಲ, ಏಕೆಂದರೆ ನನ್ನ ಕೋಡ್ 'ಅಳಿಸು' ಬರಲಿ ಅಂತ ಕಾದು ಕೂತಿತ್ತು. ಕ್ರಮಸಂಖ್ಯೆ ಹಿಡಿದಿದ್ದರೆ ಇನ್ನೂ ಅಪಾಯ: ಬಾಕಿ ಇಲ್ಲದವರಿಗೆ 'ಕಳಿಸು' ತೋರಿಸುವುದಿಲ್ಲ, ಆಗ ಅಳಿಸು ಒಂದು ಸ್ಥಾನ ಮೇಲೆ ಬರುತ್ತದೆ. ಈಗ ಪ್ರತಿ ಆಯ್ಕೆಗೂ ಬದಲಾಗದ ಐಡಿ ಕೊಟ್ಟಿದ್ದೇನೆ.

ಹೊಸ ಆವೃತ್ತಿ ಹಾಕಿಕೊಟ್ಟಾಗ ಅಂಗಡಿಯಲ್ಲೇ ನಿಂತಿದ್ದೆ. ಪಕ್ಕದಲ್ಲಿ ತೊಗರಿಬೇಳೆ ತೂಗುತ್ತಿದ್ದ ಅವರ ಹೆಂಡತಿ, "ಒತ್ತಿ ಹಿಡೀಬೇಕು ಅಂತ ನಮಗೆ ಹೇಗೆ ಗೊತ್ತಾಗ್ಬೇಕು?" ಅಂದರು. ಮನೆಗೆ ಬಂದು ಪ್ರತಿ ಸಾಲಿನ ತುದಿಗೆ ಮೂರು ಚುಕ್ಕೆಯ ಗುಂಡಿ ಇಟ್ಟೆ. ಅದೇ ಮೆನು, ಒಂದೇ ಒತ್ತಿಗೆ. ಐಒಎಸ್ 14ರಿಂದ ಗುಂಡಿಗೇ ಮೆನು ಕಟ್ಟಬಹುದು. ಆಮೇಲೆ ಅವರಿಬ್ಬರೂ ಆ ಚುಕ್ಕೆಯನ್ನೇ ಒತ್ತುತ್ತಾರೆ. ಒತ್ತಿ ಹಿಡಿಯುವವನು ಮಗ ಒಬ್ಬನೇ.