ಸ್ವಭಾವವೋ, ಪರಿಸ್ಥಿತಿಯೋ: ಮೆಂಟರ್ ಕೆಲಸದಲ್ಲಿ ನನ್ನ ಅನುಭವ

ಸಿಂಧನೂರು ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಕಾಮರ್ಸ್ ಪಾಠ ಮಾಡುತ್ತೇನೆ. ಜೊತೆಗೆ ಮೆಂಟರ್ ಕೆಲಸವೂ ಇದೆ. ಒಂದಷ್ಟು ಮಕ್ಕಳ ಹಾಜರಿ, ಇಂಟರ್ನಲ್ಸ್, ಬ್ಯಾಕ್ ಉಳಿದ ವಿಷಯ ಎಲ್ಲ ನಾನೇ ನೋಡಿಕೊಳ್ಳಬೇಕು. "ಹುಡುಗ ಶಾಣ್ಯಾ ಇದ್ದಾನ, ಆದ್ರ ಸೀರಿಯಸ್ ಇಲ್ಲ" ಅನ್ನುವ ಮಾತು ನಮ್ಮ ಸ್ಟಾಫ್ ರೂಮಿನಲ್ಲಿ ದಿನಾ ಕೇಳುತ್ತದೆ. ಅದು ಅವನ ಸ್ವಭಾವವೋ, ಪರಿಸ್ಥಿತಿಯೋ? ಇದನ್ನು ಬಿಡಿಸಿ ನೋಡುವ ಆಸೆ ನನಗೆ ಬಹಳ ಇತ್ತು.

ಮನುಷ್ಯರ ಸ್ವಭಾವವನ್ನು ಐದು ಗುಣಗಳಾಗಿ ನೋಡುವ ಕ್ರಮ ಮನೋವಿಜ್ಞಾನದಲ್ಲಿದೆ. ಅದಕ್ಕೆ 'ಬಿಗ್ ಫೈವ್' ಅನ್ನುತ್ತಾರೆ. ಹೊಸದಕ್ಕೆ ತೆರೆದ ಮನಸ್ಸು, ಶಿಸ್ತು-ಹೊಣೆಗಾರಿಕೆ, ಜನರೊಡನೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಬೇಗ ಆತಂಕಪಡುವುದು. ಇವುಗಳಲ್ಲಿ ಅಂಕಗಳ ಜೊತೆ ಹೆಚ್ಚು ನಂಟಿರುವುದು ಶಿಸ್ತಿಗೆ. 2009ರಲ್ಲಿ ಆರ್ಥರ್ ಪೊರೋಪಾಟ್ ಎಂಬ ಸಂಶೋಧಕರು 70,000ಕ್ಕೂ ಹೆಚ್ಚು ಮಂದಿ ಭಾಗವಹಿಸಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಹೈಸ್ಕೂಲು ಹಂತದ ಅಂಕಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಕಾಲೇಜಿನ ಅಂಕಗಳನ್ನು ಊಹಿಸುವುದರಲ್ಲಿ ಶಿಸ್ತಿನ ಪಾಲು ಬುದ್ಧಿಶಕ್ತಿಯ ಪಾಲಿನಷ್ಟೇ ಇತ್ತು. ಹಾಗಂತ ನಂಟು ಭಾರೀ ಏನಲ್ಲ. ನಂಟೇ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1 ಅಂತ ಅಳೆದರೆ ಇದು 0.2ರ ಆಸುಪಾಸು. ಅಂಕಗಳಲ್ಲಿ ಕಾಣುವ ಏರುಪೇರಿನ ನೂರರಲ್ಲಿ ನಾಲ್ಕೈದು ಪಾಲು ಮಾತ್ರ ಇದರಿಂದ ತಿಳಿಯುತ್ತದೆ. ಒಬ್ಬ ಹುಡುಗನ ಹಣೆಬರಹ ಹೇಳಲು ಇದು ಸಾಲದು.

ನಾನು ಬಳಸಿದ್ದು ಮಿನಿ-ಐಪಿಐಪಿ. 2006ರಲ್ಲಿ ಪ್ರಕಟವಾದ 20 ಹೇಳಿಕೆಗಳ ಹಾಳೆ ಇದು. ಒಂದೊಂದು ಗುಣಕ್ಕೆ ನಾಲ್ಕು ಹೇಳಿಕೆ. ಹೇಳಿಕೆ ತನಗೆ ಎಷ್ಟು ಹೊಂದುತ್ತದೆ ಅಂತ 1ರಿಂದ 5ರ ತನಕ ಒಂದು ಅಂಕೆ ಹಾಕಬೇಕು. ದುಡ್ಡಿಲ್ಲದೆ ಯಾರು ಬೇಕಾದರೂ ಬಳಸಬಹುದು. ಕನ್ನಡಕ್ಕೆ ತಂದು ಮೊದಲ ಸೆಮಿಸ್ಟರ್ ಶುರುವಾದಾಗ ಮಕ್ಕಳ ಕೈಗೆ ಕೊಟ್ಟೆ. ಪಾರ್ಟಿಗಳಲ್ಲಿ ಜನರೊಡನೆ ಮಾತಾಡುವ ಹೇಳಿಕೆ ಬಂದಲ್ಲಿ ಪಾರ್ಟಿ ಬದಲು ಮದುವೆ, ಜಾತ್ರೆ ಅಂತ ಹಾಕಿದೆ. ಇದಕ್ಕೆ ಮಾರ್ಕ್ಸ್ ಇಲ್ಲ, ಯಾರಿಗೂ ತೋರಿಸಬೇಕಿಲ್ಲ, ನೀವೇ ಕೂಡಿಸಿಕೊಳ್ಳಿ ಅಂದೆ.

ಶಿಸ್ತಿನ ಹೇಳಿಕೆಗಳಲ್ಲಿ ಒಂದು, 'ಮನೆಗೆಲಸವನ್ನು ಕೂಡಲೇ ಮಾಡಿ ಮುಗಿಸುತ್ತೇನೆ'. ಹಳ್ಳಿಯಿಂದ ಬರುವ ಹುಡುಗಿಯರಲ್ಲಿ ಹೆಚ್ಚಿನವರು ಇದಕ್ಕೆ 5 ಹಾಕಿದ್ದಾಗಿ ತಾವೇ ಹೇಳಿದರು. ಒಬ್ಬಳು ನೇರವಾಗಿ ಕೇಳಿದಳು: "ಮೇಡಂ, ಮುಂಜಾನೆ ಎದ್ದು ರೊಟ್ಟಿ ಬಡಿದೇ ಬಸ್ ಹತ್ತಬೇಕ್ರೀ. ಬಿಟ್ರ ಬೈತಾರ. ಇದರಾಗ ನನ್ನ ಗುಣ ಏನ್ ಬಂತ್ರೀ?" ಎಷ್ಟು ಸರಿಯಾದ ಪ್ರಶ್ನೆ ಅಲ್ವಾ! ಬೇರೆ ದಾರಿಯೇ ಇಲ್ಲದೆ ಮಾಡುವ ಕೆಲಸದಲ್ಲಿ ಸ್ವಭಾವ ಕಾಣುವುದಿಲ್ಲ. ಅವಳ ಪ್ರಶ್ನೆಯ ನಂತರ ಆ ಅಂಕೆಯನ್ನು ಪಕ್ಕಕ್ಕಿಟ್ಟು, "ನಿನ್ನ ಪಾಡಿಗೆ ನೀನಿರುವ ಹೊತ್ತಿನಲ್ಲಿ ಏನು ಮಾಡುತ್ತೀ?" ಅಂತ ಎಲ್ಲರನ್ನೂ ಬಾಯಿಮಾತಿನಲ್ಲೇ ಕೇಳತೊಡಗಿದೆ. ಹಾಳೆಗಿಂತ ಆ ಮಾತುಕತೆಯೇ ಜಾಸ್ತಿ ಕೆಲಸಕ್ಕೆ ಬಂತು.

ಹಾಜರಿಯದೂ ಇದೇ ಕತೆ. ದೀಪಾವಳಿಯಿಂದ ಸಂಕ್ರಾಂತಿಯ ತನಕ ನಮ್ಮ ಜಿಲ್ಲೆಯಲ್ಲಿ ಹತ್ತಿ ಬಿಡಿಸುವ ಕಾಲ. ಕ್ಲಾಸು ಅರ್ಧ ಖಾಲಿ. ಅಪ್ಪ-ಅವ್ವ ಬೆಂಗಳೂರಿಗೆ ಗುಳೆ ಹೋದರೆ ತಮ್ಮ-ತಂಗಿಯರನ್ನು ನೋಡಿಕೊಳ್ಳುವವರೂ ಇದೇ ಮಕ್ಕಳು. ಬರೀ ಹಾಜರಿ ಪುಸ್ತಕ ನೋಡಿದರೆ ಇವರೆಲ್ಲ ಬೇಜವಾಬ್ದಾರಿಗಳು. ಆದರೆ ಒಬ್ಬ ಹುಡುಗ ಹೊಲಕ್ಕೆ ಹೋಗುವ ಮೊದಲೇ ಬಂದು ಹೇಳಿ ಹೋಗುತ್ತಿದ್ದ. ವಾಪಸ್ ಬಂದ ವಾರದಲ್ಲೇ ಗೆಳೆಯನ ನೋಟ್ಸ್ ಬರೆದುಕೊಂಡು ತೋರಿಸುತ್ತಿದ್ದ. ನನ್ನ ಲೆಕ್ಕದಲ್ಲಿ ಶಿಸ್ತು ಅಂದರೆ ಅದು. ದಿನಾ ಬಂದು ಕೊನೆ ಬೆಂಚಿನಲ್ಲಿ ಸುಮ್ನೆ ಕೂತು ಹೋಗುವವರೂ ಇದ್ದಾರೆ, ಅವರಿಗೆ ಹಾಜರಿ 75ರ ಮೇಲೇ ಇರುತ್ತದೆ.

ಶಿಸ್ತು ಕಡಿಮೆ ಅಂತ ತಾವೇ ಹೇಳಿಕೊಂಡ ಮಕ್ಕಳಿಗೆ ನಾನು ಬುದ್ಧಿ ಹೇಳಲಿಲ್ಲ, ಟೈಮ್‌ಟೇಬಲ್ ಕೂಡ ಕೊಡಲಿಲ್ಲ. ಪೀಟರ್ ಗೋಲ್‌ವಿಟ್ಜರ್ ಎಂಬ ಮನೋವಿಜ್ಞಾನಿ 1999ರಲ್ಲಿ ಬರೆದ ಒಂದು ದಾರಿ ಹಿಡಿದೆ. 'ಚೆನ್ನಾಗಿ ಓದುತ್ತೇನೆ' ಅನ್ನುವ ಬದಲು 'ಇದು ಆದ ಕೂಡಲೇ ಅದನ್ನು ಮಾಡುತ್ತೇನೆ' ಅಂತ ಬರೆದಿಡುವುದು. "ರಾತ್ರಿ ಉಂಡು ತಾಟು ತೊಳೆದಿಟ್ಟ ಕೂಡಲೇ ಅಕೌಂಟೆನ್ಸಿಯ ಒಂದು ಲೆಕ್ಕ ಮಾಡುತ್ತೇನೆ." ಒಂದೇ ಲೆಕ್ಕ, ಅಷ್ಟೇ. ಅಸೈನ್‌ಮೆಂಟನ್ನೂ ತುಂಡು ಮಾಡಿ ಒಂದೊಂದು ತುಂಡಿಗೆ ಒಂದೊಂದು ತಾರೀಖು ಕೊಟ್ಟೆ. ಕೊನೆ ದಿನ ಬೇರೆಯವರದನ್ನು ನಕಲು ಮಾಡುವುದು ಕಡಿಮೆಯಾಯಿತು. ಎಲ್ಲರಲ್ಲೂ ಆಗಲಿಲ್ಲ, ಆದರೆ ಆದವರಲ್ಲಿ ಅದು ಮುಂದಿನ ಸೆಮಿಸ್ಟರಿಗೂ ಉಳಿಯಿತು.

ಆತಂಕ ಜಾಸ್ತಿ ಇರುವ ಮಕ್ಕಳಿಗೆ ಪ್ರಶ್ನೆಪತ್ರಿಕೆ ಹೇಗಿರುತ್ತದೆ ಅಂತ ಮೊದಲೇ ತೋರಿಸಿದೆ. ಅಂಕ ಇಲ್ಲದ ಸಣ್ಣ ಟೆಸ್ಟ್ ಬರೆಸಿದೆ. ಮಾತಾಡದ ಮಕ್ಕಳನ್ನು ಸೆಮಿನಾರಿಗೆ ಎಳೆದು ನಿಲ್ಲಿಸುವುದನ್ನು ಬಿಟ್ಟೆ. ಚೆನ್ನಾಗಿ ಮಾತಾಡಿದರೆ ಅಂಕ ಜಾಸ್ತಿ ಬರುತ್ತದೆ ಅಂತೇನೂ ಇಲ್ಲ. ನನಗೆ ಹೆಚ್ಚು ಚಿಂತೆ ಹಚ್ಚಿದವರು ಬಹಳ ಒಳ್ಳೆಯ ಸ್ವಭಾವದವರು. ಯಾರಿಗೂ ಇಲ್ಲ ಅನ್ನಲಾರದೆ ಎಲ್ಲರ ರೆಕಾರ್ಡ್ ಬರೆದುಕೊಟ್ಟು ತಮ್ಮದನ್ನೇ ತಡವಾಗಿ ಕೊಡುತ್ತಾರೆ. ಅಂಥವರಿಗೆ 'ನನ್ನದು ಮುಗಿದ ಮೇಲೆ ಕೊಡ್ತೀನಿ' ಅನ್ನುವುದನ್ನು ಹೇಳಿಕೊಟ್ಟೆ.

ಇದನ್ನು ಮಾಡಬೇಕು ಅನ್ನುವ ಮೇಷ್ಟ್ರುಗಳಿಗೆ ಒಂದು ಮಾತು. ಹಾಳೆ ಮಕ್ಕಳ ಹತ್ತಿರವೇ ಇರಲಿ. ಯಾರ ಶಿಸ್ತು ಎಷ್ಟು ಅಂತ ಪಟ್ಟಿ ಕೇಳುವವರು ಬಂದೇ ಬರುತ್ತಾರೆ. ನಾನು ಪಟ್ಟಿ ಮಾಡಿಲ್ಲ, ಹಾಗಾಗಿ ಕೊಡುವ ಪ್ರಶ್ನೆಯೇ ಬರಲಿಲ್ಲ.